ಕೆಡವಿದ ಕಟ್ಟಡದ ಕಾಗದ: ಬಳ್ಳಾರಿ ಸೀಮೆಯ ನಾಟಕಶಾಲೆ ಮತ್ತು ಹೆಂಡದಂಗಡಿ



ಬಳ್ಳಾರಿ ಸೀಮೆಯ ಕುರುಗೋಡಿನ ಚರಿತ್ರೆ ಬರೆಯಹೊರಟವರಿಗೆ ಕಲ್ಲಿನ ಕೊರತೆ ಎಂದೂ ಬಂದಿಲ್ಲ. ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರಿಗೆ ಇದು ರಾಜಧಾನಿ. ಹನ್ನೆರಡನೆಯ ಶತಮಾನದ ರಾಚಮಲ್ಲನ ಕಾಲದ ಶಾಸನಗಳು ಇಲ್ಲಿಯ ಗುಡಿಗಳಿಗೆ ಯಾರು ಏನು ಬಿಟ್ಟರು ಎಂಬುದನ್ನು ಹೇಳುತ್ತವೆ. ಬೆಟ್ಟದ ಮೇಲೆ ಕೋಟೆ, ಬುಡದಲ್ಲಿ ಹಳೆಯ ಗುಡಿಗಳ ಸಾಲು, ಊರೊಳಗೆ ಏಕಶಿಲೆಯ ದೊಡ್ಡ ಬಸವಣ್ಣ. ಇಷ್ಟು ಸಾಮಗ್ರಿ ಕಣ್ಣೆದುರಿಗೇ ಇದ್ದಾಗ ಚರಿತ್ರೆಕಾರನ ಕಣ್ಣು ಕಲ್ಲಿನ ಮೇಲೇ ನಿಲ್ಲುವುದು ಸಹಜ. ಆದರೆ ನೂರು ವರ್ಷದ ಹಿಂದೆ ಇದೇ ಸೀಮೆಯ ಜನ ಹೊತ್ತು ಮುಳುಗಿದ ಮೇಲೆ ಎಲ್ಲಿ ಕೂಡುತ್ತಿದ್ದರು, ಯಾವ ತಡಿಕೆಯ ಒಳಗೆ ನಾಟಕ ನೋಡಿದರು, ಯಾವ ಅಂಗಡಿಯ ಮುಂದೆ ಕೂತು ಸೇಂದಿ ಕುಡಿದರು ಎಂದು ಕೇಳಿದರೆ ನಮ್ಮ ಸ್ಥಳೀಯ ಚರಿತ್ರೆಯ ಪುಸ್ತಕಗಳು ಮಾತು ಮರೆಸುತ್ತವೆ. ಎಂಟುನೂರು ವರ್ಷದ ಹಿಂದಿನ ದಾನವನ್ನು ನಾವು ಶ್ರದ್ಧೆಯಿಂದ ಓದುತ್ತೇವೆ. ಅಜ್ಜನ ಕಾಲದ ಥೇಟರು ಎಲ್ಲಿತ್ತು ಎನ್ನುವುದು ನಮಗೆ ಚರಿತ್ರೆಯ ಪ್ರಶ್ನೆ ಅನ್ನಿಸುವುದೇ ಇಲ್ಲ.

ಈ ಉಪನ್ಯಾಸದಲ್ಲಿ ಎರಡು ಬಗೆಯ ಕಟ್ಟಡಗಳನ್ನು ಜೋಡಿಯಾಗಿ ಹಿಡಿದು ಮಾತಾಡುತ್ತೇನೆ: ನಾಟಕಶಾಲೆ ಮತ್ತು ಹೆಂಡದಂಗಡಿ. ಒಂದನ್ನು ಕಲೆಯ ಇತಿಹಾಸದಲ್ಲೂ ಇನ್ನೊಂದನ್ನು ಸಾಮಾಜಿಕ ಪಿಡುಗಿನ ಅಧ್ಯಾಯದಲ್ಲೂ ಇಡುವುದು ರೂಢಿ. ಎರಡನ್ನೂ ಕೆಡವಿದ ಮೇಲೆ ಅವುಗಳ ಗುರುತು ಹಿಡಿಯಬೇಕಾದರೆ ಈ ವಿಂಗಡಣೆ ಅಡ್ಡ ಬರುತ್ತದೆ ಎಂಬುದು ನನ್ನ ವಾದ. ಎರಡಕ್ಕೂ ಒಂದೇ ಸರ್ಕಾರ ಪರವಾನಗಿ ಕೊಟ್ಟಿತು, ಎರಡರ ಬಾಗಿಲಲ್ಲೂ ಅದೇ ಪೊಲೀಸು ನಿಂತ, ಎರಡಕ್ಕೂ ಹೋದದ್ದು ಬಹುಮಟ್ಟಿಗೆ ಒಂದೇ ಜನ. ಹಾಗಾಗಿ ದಾಖಲೆಯ ಜಾಡೂ ಒಂದೇ.

ಮೊದಲು ಹೊರಗಿನ ಒಂದು ನಿದರ್ಶನ. ಲಂಡನ್ನಿನ ಪೂರ್ವದ ವೈಟ್‌ಚಾಪೆಲ್ಲಿನಲ್ಲಿ 1567ರಲ್ಲಿ ಜಾನ್ ಬ್ರೇನ್ ಎಂಬ ದಿನಸಿ ವ್ಯಾಪಾರಿ ರೆಡ್ ಲಯನ್ ಎಂಬ ಜಾಗದಲ್ಲಿ ನಾಟಕದ ರಂಗ ಕಟ್ಟಿಸಿದ. ಷೇಕ್ಸ್‌ಪಿಯರ್ ಆಗಿನ್ನೂ ಮೂರು ವರ್ಷದ ಕೂಸು. ಆ ರಂಗ ಬಹಳ ಕಾಲ ಬಾಳಲಿಲ್ಲ. ಅದು ಇತ್ತು ಎನ್ನುವುದು ಗೊತ್ತಾದದ್ದು ಎರಡು ವ್ಯಾಜ್ಯಗಳಿಂದ. ಬಡಗಿಗಳ ಕೆಲಸ ಸರಿಯಿಲ್ಲವೆಂದು ಬ್ರೇನ್ ತಕರಾರು ತೆಗೆದ. ಆ ತಕರಾರಿನ ಕಾಗದದಲ್ಲಿ ವೇದಿಕೆ ನಲವತ್ತಡಿ ಉದ್ದ, ಮೂವತ್ತಡಿ ಅಗಲ, ಐದಡಿ ಎತ್ತರ ಎಂಬ ಲೆಕ್ಕ ಉಳಿಯಿತು. ನಾಲ್ಕೂವರೆ ಶತಮಾನ ಕಳೆದು, ಮನೆ ಕಟ್ಟಲು ನೆಲ ಅಗೆಯುವಾಗ ಪುರಾತತ್ತ್ವಜ್ಞರಿಗೆ ಮರದ ಕಟ್ಟಡವೊಂದರ ಕುರುಹು ಸಿಕ್ಕಿತು. ಅಳತೆ ಹೆಚ್ಚುಕಡಿಮೆ ತಾಳೆಯಾಯಿತು. ಅದು ರೆಡ್ ಲಯನ್ನೇ ಇರಬೇಕು ಎಂದು ಅವರು 2020ರಲ್ಲಿ ಪ್ರಕಟಿಸಿದರು. ಅದೇ ನೆಲದಲ್ಲಿ ಮುಂದಿನ ಕಾಲದ ಮದ್ಯದ ನೆಲಮಾಳಿಗೆಗಳೂ ಬಾಟಲಿಗಳೂ ಸಿಕ್ಕವು. ನಾಟಕದ ಜಾಗ, ಕುಡಿತದ ಜಾಗ ಎಂಬ ಎರಡು ಚರಿತ್ರೆ ಅಲ್ಲಿ ಒಂದೇ ಗುಂಡಿಯಲ್ಲಿದ್ದವು. ಆ ರಂಗದಲ್ಲಿ ಆಡಿದ ನಾಟಕದ ಸಾಲುಗಳು ಕೈಗೆ ಸಿಗದೆ ಹೋದವು, ಬಡಗಿಯ ಜಗಳ ಸಿಕ್ಕಿತು. ಚರಿತ್ರೆಗೆ ಜಗಳಗಂಟರ ಉಪಕಾರ ದೊಡ್ಡದು.

ಈ ಮಾತು ಬಳ್ಳಾರಿಗೆ ವಿಶೇಷವಾಗಿ ಒಪ್ಪುತ್ತದೆ. ಯಾಕೆಂದರೆ ಬಳ್ಳಾರಿಯ ಆಧುನಿಕ ರಂಗಭೂಮಿಯನ್ನು ಕಟ್ಟಿದವರು ವಕೀಲರು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಬಳ್ಳಾರಿಯ ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡೇ ಸರಸ ವಿನೋದಿನಿ ಸಭಾ ಕಟ್ಟಿದರು, ತೆಲುಗಿನಲ್ಲಿ ಸ್ವತಂತ್ರ ನಾಟಕಗಳನ್ನು ಬರೆದು ಆಡಿದರು. ಅವರಿಗೆ ಸರಿಸಾಟಿಯಾಗಿ ನಿಂತ ಕೋಲಾಚಲಂ ಶ್ರೀನಿವಾಸರಾಯರು (1854–1919) ಕೂಡ ವಕೀಲರೇ. ಅವರದು ಸುಮನೋರಮಾ ಸಭಾ. ವಿಜಯನಗರದ ಪತನವನ್ನು ಕುರಿತ ಅವರ ನಾಟಕ ಹಂಪೆಗೆ ಹತ್ತಿರದ ಊರಿನಲ್ಲಿ ಹುಟ್ಟಿದ್ದು ಆಕಸ್ಮಿಕವೇನಲ್ಲ. ಜಗತ್ತಿನ ರಂಗಭೂಮಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1908ರಲ್ಲಿ ಪ್ರಕಟಿಸಿದವರೂ ಅವರೇ. ಮೂರನೆಯವರು ರಾಮಕೃಷ್ಣಮಾಚಾರ್ಯರ ಸೋದರಳಿಯ, ಬಳ್ಳಾರಿ ರಾಘವ ಎಂದೇ ಹೆಸರಾದ ತಾಡಪತ್ರಿ ರಾಘವಾಚಾರ್ಯರು (1880–1946). ಹಗಲು ಕ್ರಿಮಿನಲ್ ವಕೀಲಿ, ರಾತ್ರಿ ಬಣ್ಣ. ಕೋಲಾಚಲಂ ಅವರ ನಾಟಕದಲ್ಲಿ ರಾಘವರು ಮಾಡಿದ ಪಠಾಣ್ ರುಸ್ತುಮನ ಪಾತ್ರದ ಮಾತು ಇಂದಿಗೂ ಈ ಭಾಗದ ಹಿರಿಯರ ಬಾಯಲ್ಲಿದೆ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ನಟಿಸಿದವರು ಅವರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದವರು.

ಕಾನೂನು ಬಲ್ಲವರು ನಡೆಸಿದ ಸಂಘಗಳು ಎಂದಾಗ ಸಂಶೋಧಕ ಮೊದಲು ನೆನೆಯಬೇಕಾದದ್ದು ಕಾಗದವನ್ನು. ಸಭೆಯ ನಡಾವಳಿ, ಚಂದಾ ಪಟ್ಟಿ, ಬಾಡಿಗೆ ಕರಾರು, ನೋಂದಣಿ, ಅಡಮಾನ, ದಾವೆ, ಇವು ವಕೀಲರ ಕೈಯಡಿಗೆಗಳು. ರಂಗಭೂಮಿಯ ಚರಿತ್ರೆ ಬರೆದವರು ಈ ಮೂವರ ನಟನೆಯನ್ನು, ನಾಟಕಗಳನ್ನು, ಬಿರುದುಗಳನ್ನು ತುಂಬು ಹೃದಯದಿಂದ ಹೊಗಳಿದ್ದಾರೆ. ಆದರೆ ಹೊಗಳಿಕೆಯಲ್ಲಿ ಗೋಡೆ ಕಾಣುವುದಿಲ್ಲ. ಪ್ರೇಕ್ಷಕ ಎಲ್ಲಿ ಕೂತ, ಎಷ್ಟು ಕೊಟ್ಟ, ಯಾವ ಬಾಗಿಲಿಂದ ಒಳಗೆ ಬಂದ ಎಂಬ ವಿವರಕ್ಕೆ ನೋಂದಣಿ ಕಚೇರಿಯ ದಸ್ತಾವೇಜು ಅಭಿನಂದನ ಗ್ರಂಥಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಎತ್ತಬೇಕು. ಕೆಡವಿದ ನಾಟಕಶಾಲೆ ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಗಾರೆಯ ಗೋಡೆ, ತಗಡಿನ ಇಳಿಮಾಡು, ಮುಂದೆ ಹೆಸರು ಬರೆದ ಕಮಾನು. ಆದರೆ ನಮ್ಮ ಸೀಮೆಯಲ್ಲಿ ಬಹುಪಾಲು ನಾಟಕಶಾಲೆಗಳು ಕೆಡವಲಿಕ್ಕೆಂದೇ ಕಟ್ಟಿದವು. ಕಂಪನಿ ಊರಿಗೆ ಬಂದು ಮೊಕ್ಕಾಂ ಮಾಡಿದರೆ ‘ಥೇಟರು ಹಾಕಿದರು’ ಎನ್ನುತ್ತೇವೆ. ಗಳು, ಬೊಂಬು, ತಡಿಕೆ, ತಗಡು, ಹಗ್ಗ; ಮುಂದುಗಡೆ ಕುರ್ಚಿ, ನಡುವೆ ಬೆಂಚು, ಹಿಂದೆ ನೆಲ. ಹೆಂಗಸರಿಗೆ ಬೇರೆ ಬದಿ. ಜಾತ್ರೆಗೆ ಬಂದ ಕಂಪನಿ ಕಲೆಕ್ಷನ್ ಚೆನ್ನಾಗಿದ್ದರೆ ಮಳೆಗಾಲದವರೆಗೂ ನಿಲ್ಲುತ್ತದೆ, ಇಲ್ಲದಿದ್ದರೆ ಸೀನುಗಳನ್ನು ಸುತ್ತಿ, ಗಾಡಿಗೆ ಹೇರಿ ಮುಂದಿನ ಊರಿಗೆ. ಗುಬ್ಬಿ ಕಂಪನಿ, ಗರುಡ ಸದಾಶಿವರಾಯರ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ಸಂಘ ಇವೆಲ್ಲ ಹೀಗೆ ಬಯಲಿನಲ್ಲಿ ಥೇಟರು ಹಾಕಿ, ಬಿಚ್ಚಿ, ಮತ್ತೆ ಹಾಕಿ ಬದುಕಿದ ಸಂಸ್ಥೆಗಳು.

ಹಾಗೆ ಹಾಕಿದ ಚಪ್ಪರಕ್ಕೂ ಚರಿತ್ರೆಯಲ್ಲಿ ಸ್ಥಾನವಿದೆ. 1880ರಲ್ಲಿ ಧಾರವಾಡದ ನಾಟಕ ಮಂಡಳಿಯೊಂದು ರಾಜಮಹೇಂದ್ರಿಗೆ ಹೋಗಿ ಆಡಿತು. ಅವರು ಊರು ಬಿಟ್ಟ ಮೇಲೆ ಅವರು ಹಾಕಿದ್ದ ಚಪ್ಪರದಲ್ಲೇ ಕಂದುಕೂರಿ ವೀರೇಶಲಿಂಗಂ ಪಂತುಲು ತಮ್ಮ ಶಿಷ್ಯರಿಂದ ತೆಲುಗು ನಾಟಕ ಆಡಿಸಿದರು ಎಂದು ಆಂಧ್ರದ ರಂಗಚರಿತ್ರೆಕಾರರು ಹೇಳುತ್ತಾರೆ. ಒಂದು ಭಾಷೆಯ ರಂಗಭೂಮಿ ಇನ್ನೊಂದು ಭಾಷೆಯವರು ಬಿಟ್ಟುಹೋದ ಚಪ್ಪರದಲ್ಲಿ ಕಣ್ಣು ಬಿಟ್ಟಿತು. ಆ ಚಪ್ಪರದ ಒಂದು ಗಳುವೂ ಉಳಿದಿಲ್ಲ. ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟೆಯ ಬಯಲಾಟದ ಅಟ್ಟಗಳಿಗೂ ಇದೇ ಮಾತು. ಒಂದು ರಾತ್ರಿಗಾಗಿ ಎದ್ದು ಬೆಳಗಾಗುವಷ್ಟರಲ್ಲಿ ಬಿಚ್ಚಿದ ಅಟ್ಟ ನಿಂತದ್ದು ಮಾತ್ರ ಪ್ರತಿ ವರ್ಷ ಅದೇ ಜಾಗದಲ್ಲಿ. ಅಲ್ಲಿ ಹುಡುಕಬೇಕಾದದ್ದು ಜಾಗದ ವಹಿವಾಟನ್ನು: ಆ ಬಯಲು ಯಾರದು, ಯಾವಾಗ ಸೈಟುಗಳಾಯಿತು, ಬಸ್ ನಿಲ್ದಾಣ ಯಾವಾಗ ಬಂತು. ಅಟ್ಟದ ಕೊನೆಯ ವರ್ಷ ಅಲ್ಲಿಂದ ತಾನಾಗಿ ಹೊರಬೀಳುತ್ತದೆ.

ಇನ್ನು ಸರ್ಕಾರದ ಕಾಗದಕ್ಕೆ ಬರೋಣ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿಯ ಥೇಟರುಗಳ ಮೇಲೆ ಬಿದ್ದದ್ದು ಮದ್ರಾಸಿನ ಕಾನೂನಿನ ಕಣ್ಣು. ಆಡುವ ಮಾತಿನ ಮೇಲೆ 1876ರ ನಾಟಕ ಪ್ರದರ್ಶನ ಕಾಯ್ದೆ. ಜನ ಸೇರುವ ಮುಚ್ಚಿದ ಜಾಗದ ಮೇಲೆ 1888ರ ಮದ್ರಾಸ್ ಸಾರ್ವಜನಿಕ ಸಂದಣಿ ಸ್ಥಳಗಳ ಕಾಯ್ದೆ. ಸಿನಿಮಾ ಬಂದ ಮೇಲೆ 1918ರ ಸಿನಿಮಾಟೋಗ್ರಾಫ್ ಕಾಯ್ದೆ. ಟಿಕೆಟ್ಟಿನ ಮೇಲೆ 1926ರಿಂದ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆ, 1939ರಿಂದ ಪ್ರಾಂತ್ಯದ್ದೇ ತೆರಿಗೆ. ಈ ಕಾಯ್ದೆಗಳನ್ನು ಕಲೆಯ ಶತ್ರುಗಳೆಂದು ಬೈಯುವುದು ಸುಲಭ, ಒಂದೆರಡಕ್ಕೆ ಆ ಬೈಗುಳ ಸಲ್ಲುತ್ತದೆ ಕೂಡ. ಸಂಶೋಧಕನಿಗೆ ಮಾತ್ರ ಅವು ಅನ್ನದಾತರು. ಥೇಟರಿಗೆ ಎಷ್ಟು ಬಾಗಿಲು, ಬೆಂಕಿ ಬಿದ್ದರೆ ಜನ ಎಲ್ಲಿಂದ ಹೊರಡಬೇಕು, ಎಷ್ಟು ಮಂದಿ ಹಿಡಿಸುತ್ತಾರೆ ಎಂಬುದನ್ನು ಕಲಾವಿಮರ್ಶಕರು ಬರೆಯಲಿಲ್ಲ. ಪರವಾನಗಿ ಕೊಡುವ ಅಧಿಕಾರಿಗೆ ಮಾತ್ರ ಅದನ್ನು ಕೇಳುವ ಅಗತ್ಯವಿತ್ತು.

ಬಾಗಿಲ ಈಚೆಗಿನ ಕಾಗದವೂ ಉಂಟು. ಕಂಪನಿ ನಾಟಕದ ಹ್ಯಾಂಡ್‌ಬಿಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಮೇಲ್ತುದಿಗೆ ದೇವರ ಹೆಸರು, ಕೆಳಗೆ ಮಂಡಳಿಯ ಹೆಸರು, ಬಳಿಕ ಮೊಕ್ಕಾಂ ಯಾವುದು, ಥೇಟರು ಯಾವ ಬಯಲಿನಲ್ಲಿ, ಆಟ ರಾತ್ರಿ ಎಷ್ಟು ಗಂಟೆಗೆ, ದರ್ಜೆವಾರು ದರ, ಪಾಸುಗಳು ನಡೆಯುವುದಿಲ್ಲ ಎಂಬ ಎಚ್ಚರಿಕೆ, ತುದಿಯಲ್ಲಿ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು. ನಾಟಕದ ಹೊಗಳಿಕೆಗಾಗಿ ಈ ಚೀಟಿಗಳನ್ನು ಕೂಡಿಟ್ಟವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಅತಿ ಬೆಲೆಯುಳ್ಳ ಸಾಲು ಕೊನೆಯದು. ಪ್ರೆಸ್ ಯಾವುದೆಂದು ತಿಳಿದರೆ ಅದರ ಕಾಲ ತಿಳಿಯುತ್ತದೆ. ತಾರೀಕಿನ ಜೊತೆಗೆ ವರ್ಷ ಹಾಕುವ ಪದ್ಧತಿಯಿಲ್ಲದ ಹ್ಯಾಂಡ್‌ಬಿಲ್ಲಿಗೆ ಕಾಲ ನಿರ್ಣಯಿಸಲು ಇರುವ ಗಟ್ಟಿ ಹಿಡಿ ಅದೊಂದೇ.

ಹೆಂಡದಂಗಡಿಗೆ ಹ್ಯಾಂಡ್‌ಬಿಲ್ ಇಲ್ಲ. ಅದಕ್ಕೆ ಅಭಿನಂದನ ಗ್ರಂಥವೂ ಇಲ್ಲ. ಹೀಗಿದ್ದರೂ ದಾಖಲೆಯ ದೃಷ್ಟಿಯಿಂದ ನಾಟಕಶಾಲೆಗಿಂತ ಅದೇ ಶ್ರೀಮಂತ. ಕಾರಣ ಸರಳ, ಸರ್ಕಾರ ಅದರ ದುಡ್ಡಿನಿಂದ ನಡೆಯುತ್ತಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆಯ ಅಡಿ ಸೇಂದಿ ಅಂಗಡಿ, ಸಾರಾಯಿ ಅಂಗಡಿಗಳ ಹಕ್ಕು ಹರಾಜಿಗೆ ಬರುತ್ತಿತ್ತು. ಹರಾಜೆಂದರೆ ಪಟ್ಟಿ, ಯಾವ ಗ್ರಾಮದಲ್ಲಿ ಎಷ್ಟು ಅಂಗಡಿ, ಸವಾಲು ಎಷ್ಟಕ್ಕೆ ನಿಂತಿತು ಎಂಬ ಲೆಕ್ಕ. ಮರಪಟ್ಟಿ ಪದ್ಧತಿ ಜಾರಿಯಲ್ಲಿದ್ದಲ್ಲಿ ಇಳಿಸುವ ಪ್ರತಿ ಮರಕ್ಕೂ ತೆರಿಗೆ, ಅದಕ್ಕಾಗಿ ಪ್ರತಿ ಮರಕ್ಕೂ ಗುರುತು. ನಮ್ಮ ಹಳ್ಳಗಳ ದಂಡೆಯ ಈಚಲು ಮರ ಅಬಕಾರಿ ಅಮಲ್ದಾರನ ಪುಸ್ತಕದಲ್ಲಿ ಒಂದು ನಂಬರಾಗಿತ್ತು. ಅಂಗಡಿಯ ಗುಡಿಸಲು ಎಲ್ಲಿತ್ತೆಂದು ತಿಳಿಯದಿದ್ದರೆ ಮರಗಳ ಲೆಕ್ಕದಿಂದ ಹಿಂದಕ್ಕೆ ಬರಬಹುದು. ಸೇಂದಿ ಹೊತ್ತೇರಿದಂತೆ ಹುಳಿಯಾಗುವ ಸರಕು, ಅಂಗಡಿ ಮರಕ್ಕೆ ದೂರ ಇರುವಂತಿಲ್ಲ.

ಬಳ್ಳಾರಿ ನಗರದ ಕಥೆ ಇದಕ್ಕಿಂತ ಜಟಿಲ. ಕೋಟೆ, ದಂಡು, ಬ್ರೂಸ್‌ಪೇಟೆ, ಮೆಲ್ಲರ್‌ಪೇಟೆ, ಕೌಲ್ ಬಜಾರ್ ಎಂದು ಹರಡಿದ ಊರಿದು. ದಂಡಿನಲ್ಲಿ ಬಿಳಿಯ ಸೋಲ್ಜರಿಗೆ ರೆಜಿಮೆಂಟಿನ ಕ್ಯಾಂಟೀನು, ದಂಡಿನ ಆಚೆ ಕೂಲಿಯವನಿಗೆ ಸೇಂದಿ, ನಡುವೆ ಸಾರಾಯಿ. ಮೂರಕ್ಕೂ ಬೇರೆ ಬೇರೆ ನಿಯಮ. ಜಾನ್ ಕೆಲ್ಸಾಲರ 1872ರ ಜಿಲ್ಲಾ ಮ್ಯಾನ್ಯುಯಲ್ಲನ್ನೂ ಡಬ್ಲ್ಯು. ಫ್ರಾನ್ಸಿಸ್ ಸಂಪಾದಿಸಿದ 1904ರ ಗೆಜೆಟಿಯರನ್ನೂ ನಾವು ಕೋಟೆ-ಗುಡಿಗಳ ಪುಟಗಳಿಗಾಗಿ ತಿರುವಿ ಮುಚ್ಚುತ್ತೇವೆ. ವರಮಾನದ ಅಧ್ಯಾಯದಲ್ಲಿ ಉಪ್ಪು, ಅಬಕಾರಿ ಎಂಬ ತಲೆಬರಹದ ಕೆಳಗೆ ಬರುವ ಪುಟಗಳನ್ನು ಓದುವವರು ಕಡಿಮೆ. ಇನ್ನು ಸಿರುಗುಪ್ಪದ ಕಡೆಗೆ ನಡೆದರೆ ತುಂಗಭದ್ರೆಯೇ ಗಡಿ. ಆಚೆ ದಡ ನಿಜಾಮರ ರಾಯಚೂರು, ಅಲ್ಲಿಯ ಅಬಕಾರಿ ಬೇರೆ, ದರ ಬೇರೆ. ಒಂದೇ ಹೊಳೆಯ ಎರಡು ದಡದ ಅಂಗಡಿಗಳನ್ನು ಅರಿಯಲು ಎರಡು ರಾಜ್ಯಗಳ ಕಾಗದ ಬೇಕು. ನಿಜಾಮರ ಕಡೆಯ ಹಳೆಯ ಕಾಗದಕ್ಕೆ ಉರ್ದು, ಪಾರ್ಸಿ ಬಲ್ಲವರನ್ನೇ ಹಿಡಿಯಬೇಕು.

ಸ್ವಾತಂತ್ರ್ಯ ಚಳವಳಿ ಬಂದಾಗ ಹೆಂಡದಂಗಡಿ ಇನ್ನೊಂದು ಬಗೆಯ ದಾಖಲೆಗೆ ಹತ್ತಿತು. ಪಿಕೆಟಿಂಗ್ ಮಾಡಿ ಜೈಲಿಗೆ ಹೋದವರ ಮೇಲಿನ ಮೊಕದ್ದಮೆಗಳಲ್ಲಿ ಅಂಗಡಿಯ ಜಾಗ ಬರಲೇಬೇಕು. ಪಕ್ಕದ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿದು ನಡೆಸಿದ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಮರ ಕಡಿದವರ ಹೆಸರುಗಳಿವೆ, ಅವು ಇರಬೇಕಾದದ್ದೇ. ಮರ ಇಳಿಸುತ್ತಿದ್ದವರ ಸಂಸಾರಗಳು ಮಾರನೆಯ ದಿನ ಏನು ಮಾಡಿದವು ಎಂಬ ಸಾಲು ಇಲ್ಲ. ದಾಖಲೆ ಎಂದರೆ ಯಾರು ಬರೆದರೋ ಅವರ ಕುತೂಹಲ ನಿಂತಲ್ಲಿಗೆ ನಿಲ್ಲುವ ವಸ್ತು.

ಮದ್ರಾಸ್ ಪ್ರಾಂತ್ಯ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುಮಾಡಿತು. ಯುದ್ಧಕಾಲದಲ್ಲಿ ಅದನ್ನು ಕೈಬಿಟ್ಟು, ಮತ್ತೆ ಹಿಡಿದು, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿಸಿತು. ಕಾಗದದ ಲೆಕ್ಕದಲ್ಲಿ ಅಷ್ಟರೊಳಗೆ ಬಳ್ಳಾರಿಯ ಕಟ್ಟಕಡೆಯ ಹೆಂಡದಂಗಡಿಯೂ ಮುಚ್ಚಿತು. ಇಲ್ಲಿ ಸಂಶೋಧಕ ಎಚ್ಚರ ತಪ್ಪಬಾರದು. ಅಂಗಡಿ ಮುಚ್ಚಿದರೆ ಕುಡಿತ ನಿಲ್ಲುವುದಿಲ್ಲ, ಪರವಾನಗಿಯ ಪುಸ್ತಕ ನಿಲ್ಲುತ್ತದೆ ಅಷ್ಟೆ. ಮುಂದಿನ ಸುಮಾರು ಎರಡು ದಶಕದ ಚರಿತ್ರೆ ಅಬಕಾರಿ ಇಲಾಖೆಯ ಕಪಾಟಿನಿಂದ ಪೊಲೀಸ್ ಠಾಣೆಯ ಕಪಾಟಿಗೆ ದಾಟುತ್ತದೆ. ಗುತ್ತಿಗೆದಾರ ಎಂಬ ಹೆಸರು ಹೋಗಿ ಆರೋಪಿ ಎಂಬ ಹೆಸರು ಬರುತ್ತದೆ. 1967ರಲ್ಲಿ ಮೈಸೂರು ರಾಜ್ಯ ನಿಷೇಧ ತೆಗೆದಾಗ ಅಂಗಡಿಗಳು ಹಿಂದಿನ ಜಾಗಗಳಲ್ಲೇ ಎದ್ದವೋ ಹೊಸ ಜಾಗ ಹಿಡಿದವೋ ಎಂಬುದು ಊರೂರಿಗೆ ಕೂತು ಬಿಡಿಸಬೇಕಾದ ಪ್ರಶ್ನೆ. ಆಮೇಲೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟವೇ ರದ್ದಾಯಿತು. ಆ ಅಂಗಡಿಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಪುರಾತತ್ತ್ವಕ್ಕೆ ಕಾಯುವ ಅಗತ್ಯವಿಲ್ಲ, ಪೆನ್ನು-ಕಾಗದ ಸಾಕು.

ನಾಟಕ ಮತ್ತು ಕುಡಿತವನ್ನು ಒಟ್ಟಿಗೆ ಇಡುವುದು ಕೆಲವರಿಗೆ ಮುಜುಗರ ತರಬಹುದು. ಈ ಮುಜುಗರಕ್ಕೂ ಒಂದು ಚರಿತ್ರೆಯಿದೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನಿಗೆ ಜಾಗವಿತ್ತು, ಅವನ ವಚನಗಳೂ ಉಳಿದಿವೆ. ಕಾಯಕದ ಹೆಸರು ಅವನ ಹೆಸರಿಗೇ ಅಂಟಿಕೊಂಡು ಬಂತು, ಯಾರೂ ಅದನ್ನು ಒರೆಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಯೆಂಡಕುಡುಕ ರತ್ನನನ್ನು ಕಾವ್ಯದ ನಡುಮನೆಗೇ ಕರೆತಂದರು. ಮರ್ಯಾದೆಯ ಗೆರೆ ಬಿಗಿಯಾದದ್ದು ವಿದ್ಯಾವಂತರ ಹವ್ಯಾಸಿ ಸಭೆಗಳ ಕಾಲದಲ್ಲಿ ಎಂದು ನನಗೆ ತೋರುತ್ತದೆ. ನಾಟಕ ಸಭ್ಯರ ಕಲೆ ಎಂದು ತೋರಿಸಬೇಕಿದ್ದವರಿಗೆ ವೃತ್ತಿ ಕಂಪನಿಯ ನೆಲದ ಗಿರಾಕಿಯನ್ನೂ, ಬಾಗಿಲಾಚೆಯ ಸೇಂದಿ ಅಂಗಡಿಯನ್ನೂ ದೂರ ಇಡಬೇಕಿತ್ತು. ಹೀಗೆ ದೂರ ಇಟ್ಟವರೇ ಚರಿತ್ರೆ ಬರೆದರು. ನಟಿಯರ ವಿಷಯದಲ್ಲಿ ರಾಘವರ ನಿಲುವು ಈ ಗೆರೆಗೆ ಎದುರಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಹೆಣ್ಣು ರಂಗ ಹತ್ತಿದರೆ ಕೆಟ್ಟಳು ಎನ್ನುತ್ತಿದ್ದ ಕಾಲದಲ್ಲಿ ಸಭ್ಯತೆಯ ಒಳಗಿನಿಂದಲೇ ಅವರು ಆ ಮಾತನ್ನು ಪ್ರಶ್ನಿಸಿದರು.

ಈ ಎಲ್ಲ ಕಾಗದ ಎಲ್ಲಿದೆ? ಇದು ಬಳ್ಳಾರಿಗರ ಮಟ್ಟಿಗೆ ರಾಜಕೀಯ ಪ್ರಶ್ನೆಯೂ ಹೌದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು; ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಜನ ಮತ್ತು ನೆಲ ಹಂಚಿಕೆಯಾದ ಹಾಗೆ ಕಾಗದ ಹಂಚಿಕೆಯಾಗಲಿಲ್ಲ. ಮದ್ರಾಸ್ ಕಾಲದ ಸರ್ಕಾರಿ ಆದೇಶಗಳು, ಅಬಕಾರಿ ವರದಿಗಳಿಗಾಗಿ ಇಂದಿಗೂ ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕು. ಸರಸ ವಿನೋದಿನಿ, ಸುಮನೋರಮಾ ಸಭೆಗಳ ಬಗ್ಗೆ ಹೆಚ್ಚಿನ ಬರವಣಿಗೆ ಇರುವುದು ತೆಲುಗಿನಲ್ಲಿ. ಕನ್ನಡದ ಸ್ಥಳೀಯ ಚರಿತ್ರೆಕಾರ ಬಳ್ಳಾರಿಯನ್ನು ಕನ್ನಡದ ಆಕರಗಳಿಂದ ಮಾತ್ರ ಬರೆಯುತ್ತೇನೆಂದು ಹೊರಟರೆ ಅವನಿಗೆ ಅರ್ಧ ಊರು ಸಿಗುತ್ತದೆ. ತೆಲುಗಿನವರು ರಾಘವರನ್ನು ಆಂಧ್ರದ ನಟರೆಂದು ಬರೆದು ಅವರ ಕನ್ನಡವನ್ನು ಅಡಿಟಿಪ್ಪಣಿಗೆ ಇಳಿಸಿದ್ದೂ ಇಂಥದೇ ಅರ್ಧ. ಈ ಎರಡು ಅರ್ಧಗಳ ನಡುವೆ ಬದುಕಿದವರು ಜೋಳದರಾಶಿ ದೊಡ್ಡನಗೌಡರಂಥವರು (1910–1994). ಕನ್ನಡ, ತೆಲುಗು ಎರಡರಲ್ಲೂ ಬರೆದು, ನಟಿಸಿ, ಗಮಕ ಹಾಡಿದ ಗಡಿಯೂರಿನ ಗೌಡರಿಗೆ ಗಡಿ ತೊಡಕಾಗಲಿಲ್ಲ, ನಮಗೇಕೆ ಆಗಬೇಕು?

ಇನ್ನು ಬಾಯಿಮಾತಿನ ಸಾಕ್ಷ್ಯ. ಕಟ್ಟಡ ಹೋದರೂ ಹೆಸರು ಉಳಿಯುತ್ತದೆ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಎಂಬ ಚಿತ್ರಮಂದಿರ ನೆಲಸಮವಾದರೂ ಬಸ್ಸಿನ ಕಂಡಕ್ಟರುಗಳು ದಿನವೂ ಆ ಹೆಸರನ್ನು ಕೂಗುತ್ತಾರೆ. ಆದರೆ ನೆನಪು ಹೆಸರನ್ನು ಹಿಡಿದುಕೊಂಡಷ್ಟು ಗಟ್ಟಿಯಾಗಿ ಕಾಲವನ್ನು ಹಿಡಿದುಕೊಳ್ಳುವುದಿಲ್ಲ. ಹಳೆಯ ಹಾಲ್ ಎಂದರೆ ಸಾಕು, ಅಲ್ಲಿ ರಾಘವರು ಆಡಿದ್ದರಂತೆ ಎಂಬ ಮಾತು ಬಂದೇ ಬರುತ್ತದೆ. ಇಂಥ ಮಾತನ್ನು ಸುಳ್ಳೆಂದು ತಳ್ಳಬೇಕಿಲ್ಲ, ನಿಜವೆಂದು ಅಚ್ಚು ಹಾಕಲೂ ಬಾರದು. ‘ಟಿಕೆಟ್ಟು ಎಷ್ಟಿತ್ತು? ದೀಪ ಯಾವುದು, ಗ್ಯಾಸ್‌ಲೈಟೋ ಕರೆಂಟೋ? ಮಾತು ಕೇಳಲು ಮೈಕಿತ್ತೆ?’ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕ್ಷಿಯ ನೆನಪು ಯಾವ ದಶಕದ್ದು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ರಾಘವರು ತೀರಿಕೊಂಡದ್ದು 1946ರಲ್ಲಿ. ಅವರನ್ನು ಮೈಕಿನ ಮುಂದೆ ನಿಲ್ಲಿಸುವ ನೆನಪನ್ನು ಎರಡು ಸಲ ಒರೆಗೆ ಹಚ್ಚಬೇಕು. ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರ ಈಗಲೂ ನಿಂತಿರುವುದರಿಂದ ಅವರು ಅಲ್ಲೇ ಆಡಿದರೆಂದು ನಂಬುವ ಎಳೆಯರೂ ಇದ್ದಾರೆ; ಅದು ಅವರ ನೆನಪಿಗಾಗಿ ಕಟ್ಟಿದ್ದು.

ಹೆಂಡದಂಗಡಿಯ ವಿಷಯದಲ್ಲಿ ಬಾಯಿಮಾತು ಬೇರೆ ರೀತಿಯ ಇಕ್ಕಟ್ಟು ತರುತ್ತದೆ. ನಾಟಕಶಾಲೆಯ ಮಾಲೀಕನ ಮೊಮ್ಮಗ ಅಜ್ಜನ ಹೆಸರು ಹೇಳಲು ಹಿಗ್ಗುತ್ತಾನೆ. ಸೇಂದಿ ಅಂಗಡಿ ಹಿಡಿದವರ ಮನೆಯವರು ಹಿಗ್ಗಬೇಕೆಂದೇನಿಲ್ಲ. ಈ ಕಸುಬಿಗೆ ಜಾತಿಯ ಹೆಸರು ಅಂಟಿಕೊಂಡಿದೆ, ಮೊಕದ್ದಮೆಗಳ ನೆರಳಿದೆ, ಕುಡಿತದಿಂದ ಮನೆ ಹಾಳಾದ ಹೆಂಗಸರ ಶಾಪವೂ ಇದೆ. ಆ ಹೆಂಗಸರ ಸಾಕ್ಷ್ಯ ಪಡೆಯದೆ ಹೆಂಡದಂಗಡಿಯ ಚರಿತ್ರೆ ಬರೆದರೆ ಅದು ಅಬಕಾರಿ ಇಲಾಖೆಯ ವರದಿಯ ನಕಲಾಗುತ್ತದೆ. ಹರಾಜಿನ ಪಟ್ಟಿಯಲ್ಲಿ ಹೆಸರು ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಇಂದು ಊರಿನ ಚರಿತ್ರೆಯ ಪುಸ್ತಕದಲ್ಲಿ ಅಚ್ಚು ಹಾಕುವುದು ನ್ಯಾಯವೇ? ಸಾರ್ವಜನಿಕ ದಾಖಲೆ ಎಂದಮೇಲೆ ಹಾಕಬಹುದು ಎನ್ನುವವರಿದ್ದಾರೆ. ನನ್ನ ಮತ ಬೇರೆ. ಅಂಗಡಿಯ ಜಾಗ, ಸವಾಲಿನ ಮೊತ್ತ, ಮರಗಳ ಸಂಖ್ಯೆ, ಮುಚ್ಚಿದ ವರ್ಷ ಇಷ್ಟೂ ಬರಲಿ. ಹೆಸರನ್ನು ಮಾತ್ರ ಆ ಮನೆಯವರನ್ನು ಕೇಳಿ, ಅವರು ಹೂಂ ಎಂದರೆ ಬರೆಯೋಣ. ಕುರುಗೋಡಿನ ಗುಡಿಗಳಿಗೆ ದಾನ ಕೊಟ್ಟವರು ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಕೆತ್ತಿಸಿದರು. ಹರಾಜಿನ ಪುಸ್ತಕದಲ್ಲಿ ಇರುವವರ ಹೆಸರನ್ನು ಬರೆದುಕೊಂಡದ್ದು ಸರ್ಕಾರ.